ತೇಲುವ ರೈಲೋ, ಉರುಳುವ ರೈಲೋ?

ಕಂಪಲಾಪುರದ ವಿದ್ಯಾರ್ಥಿ ಬೆಂಗಳೂರಿನ ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಹುಣಸೂರು ದಾಟಿ ಮೈಸೂರು ಸೇರಲು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಲ್ಲಿಂದ ಬೆಂಗಳೂರಿಗೆ 138 ಕಿ.ಮೀ. 2022ರ ನವೆಂಬರಿನಲ್ಲಿ ಆರಂಭವಾದ ವಂದೇ ಭಾರತ್ ರೈಲಿಗೆ ಇದು ಸುಮಾರು ಎರಡು ಗಂಟೆಯ ಹಾದಿ. ಜಪಾನಿನ ಮ್ಯಾಗ್ಲೆವ್ ಗಾಡಿ 2015ರ ಏಪ್ರಿಲ್ 21ರಂದು ಗಂಟೆಗೆ 603 ಕಿ.ಮೀ. ವೇಗ ಮುಟ್ಟಿತೆಂದು ಓದಿದ ಮಕ್ಕಳು 'ನಮ್ಮಲ್ಲಿ ಯಾವಾಗ?' ಎಂದು ಕೇಳುವುದು ಸಹಜವೇ.

ತೇಲುವುದು ಹೇಗೆ?

ಆಯಸ್ಕಾಂತದ ಆಕರ್ಷಣೆ, ವಿಕರ್ಷಣೆಗಳು ಶಾಲೆಯ ಪಾಠ. ಮ್ಯಾಗ್ಲೆವ್‌ನ ಮೂಲವೂ ಅದೇ. ಜರ್ಮನಿಯ ವಿಧಾನದಲ್ಲಿ ಗಾಡಿಯ ವಿದ್ಯುತ್ಕಾಂತಗಳು ಮಾರ್ಗದ ಅಡಿಭಾಗದ ಕಡೆಗೆ ಸೆಳೆಯಲ್ಪಟ್ಟು, ಸುಮಾರು 1 ಸೆಂ.ಮೀ. ಅಂತರದಲ್ಲಿ ಗಾಡಿಯನ್ನು ಎತ್ತಿ ಹಿಡಿಯುತ್ತವೆ. ಜಪಾನಿನ ಗಾಡಿ ಅತಿವಾಹಕ ಕಾಂತಗಳ ಬಲದಿಂದ ಸುಮಾರು 10 ಸೆಂ.ಮೀ. ಮೇಲೆ ತೇಲುತ್ತದೆ. ನಿಧಾನಗತಿಯಲ್ಲಿ ಈ ಬಲ ಸಾಲದು; ಆಗ ರಬ್ಬರ್ ಚಕ್ರಗಳೇ ಗತಿ!

ಚಕ್ರವಿಲ್ಲವೆಂದ ಮಾತ್ರಕ್ಕೆ ವಿದ್ಯುತ್ ಉಳಿಯಿತೆನ್ನುವಂತಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಮೊದಲೇ ಕಡಿಮೆ. ಅತಿವೇಗದಲ್ಲಿ ದೊಡ್ಡ ತಡೆ ಗಾಳಿಯದು. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 300ರಿಂದ 500 ಕಿ.ಮೀ.ಗೆ ಹೆಚ್ಚಿದರೆ ಗಾಳಿಯ ತಡೆ ಸುಮಾರು 2.8 ಪಟ್ಟಾಗುತ್ತದೆ. ಚಕ್ರದ ರೈಲೂ ಸಾಮಾನ್ಯವಲ್ಲ: ಫ್ರಾನ್ಸಿನ ಟಿಜಿವಿ 2007ರ ಪರೀಕ್ಷಾ ಓಟದಲ್ಲಿ 574.8 ಕಿ.ಮೀ. ವೇಗ ಸಾಧಿಸಿತು.

ಹನ್ನೊಂದು ನಿಮಿಷದ ಬೆಲೆ

ಮೈಸೂರಿನಿಂದ ಬೆಂಗಳೂರಿಗೆ ಎಲ್ಲಿಯೂ ನಿಲ್ಲದೆ 300 ಕಿ.ಮೀ. ವೇಗದಲ್ಲಿ ಓಡಿದರೆ 28 ನಿಮಿಷ. 500ರಲ್ಲಿ 17 ನಿಮಿಷ. ಉಳಿತಾಯ 11 ನಿಮಿಷ ಮಾತ್ರ. ಅದಕ್ಕಾಗಿ ಪೂರ್ತಿ ಹೊಸ ಮಾರ್ಗವನ್ನೇ ಕಟ್ಟಬೇಕು. ಚೀನಾದ ಶಾಂಘೈಯಲ್ಲಿ 30 ಕಿ.ಮೀ. ಮ್ಯಾಗ್ಲೆವ್ ಮಾರ್ಗವಿದೆ. ಆದರೆ ಅದೇ ದೇಶ ಚಕ್ರದ ಅತಿವೇಗದ ರೈಲಿಗೆ 40,000 ಕಿ.ಮೀ.ಗೂ ಹೆಚ್ಚು ಹಳಿ ಹಾಕಿದೆ. ಜಪಾನಿನ ಟೋಕಿಯೊ-ನಗೋಯಾ ಮ್ಯಾಗ್ಲೆವ್ ಮಾರ್ಗ 286 ಕಿ.ಮೀ.; ಅದರ ಬಹುಭಾಗ ಸುರಂಗ. 2027ಕ್ಕೆ ಮುಗಿಸುವ ಗುರಿಯನ್ನು 2024ರಲ್ಲಿ ಕೈಬಿಡಬೇಕಾಯಿತು.

ಟಿಜಿವಿಗೆ ಇನ್ನೊಂದು ಅನುಕೂಲವಿದೆ. ವೇಗದ ಮಾರ್ಗ ಮುಗಿದಲ್ಲಿ ಅದು ಸಾಮಾನ್ಯ ಹಳಿಗಿಳಿದು ಮುಂದಿನ ಊರುಗಳಿಗೂ ಹೋಗುತ್ತದೆ. ನಮ್ಮಲ್ಲಿ ಇದಕ್ಕೊಂದು ತೊಡಕು: ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿ.ಮೀ., ಮುಂಬಯಿ-ಅಹಮದಾಬಾದ್ ಬುಲೆಟ್ ರೈಲಿನದು 1,435 ಮಿ.ಮೀ. ಚೆನ್ನೈ-ಬೆಂಗಳೂರು-ಮೈಸೂರು ನಡುವೆ ಪ್ರಸ್ತಾಪವಾಗಿರುವ ವೇಗದ ಮಾರ್ಗಕ್ಕೂ ಇದೇ ಅಳತೆ ಆಯ್ದರೆ, ಆ ಗಾಡಿಯೂ ಮ್ಯಾಗ್ಲೆವ್‌ನಂತೆ ಮೈಸೂರಿನಲ್ಲೇ ನಿಲ್ಲಬೇಕು.

ಇತ್ತ ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣದ ಮೂಲಕ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಸಾಮಾನ್ಯ ರೈಲು ಮಾರ್ಗದ ಪ್ರಸ್ತಾಪ ಕಾಗದದಲ್ಲಿದೆ. ಹಳಿ ಮಾತ್ರ ಬಿದ್ದಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಬಾಗಿಲಿನಿಂದ ಬೆಂಗಳೂರಿನ ಕಾಲೇಜಿನ ಬಾಗಿಲಿನವರೆಗೆ ಎಲ್ಲೆಲ್ಲಿ ಎಷ್ಟು ನಿಮಿಷ ಹೋಗುತ್ತದೆಂದು ಬರೆದು ನೋಡಿ. ಆ ಪಟ್ಟಿಯನ್ನು ಹಿರಿಯರ ಮುಂದಿಟ್ಟು, ಮೊದಲು ಯಾವ ರೈಲು ಬೇಕೆಂದು ಒಟ್ಟಿಗೆ ಲೆಕ್ಕ ಹಾಕಿ.