ಕೇಳುವುದು ಒಮ್ಮೆಯೋ, ಹಲವು ಸಲವೋ?

ಗೊತ್ತಿಲ್ಲದ ಲೆಕ್ಕವನ್ನು ಗೊತ್ತಿರುವ ಲೆಕ್ಕದ ರೂಪಕ್ಕೆ ತಂದು ಬಿಡಿಸುವುದು ಗಣಿತಜ್ಞರ ಹಳೆಯ ಉಪಾಯ. ಗಣಕ ವಿಜ್ಞಾನದಲ್ಲಿ ಇದಕ್ಕೆ ‘ರಿಡಕ್ಷನ್’ ಎಂದು ಹೆಸರು. ಆದರೆ ಎಲ್ಲ ರಿಡಕ್ಷನ್‌ಗಳೂ ಒಂದೇ ಬಗೆಯವಲ್ಲ.

ನೂರು ಜನ ಸೇರಿರುವ ಒಂದು ಮದುವೆಮನೆಯನ್ನು ಊಹಿಸಿಕೊಳ್ಳಿ. ಅವರಲ್ಲಿ ಪ್ರತಿಯೊಬ್ಬರಿಗೂ ಉಳಿದವರ ಪರಿಚಯವಿರುವ ಹತ್ತು ಮಂದಿಯ ಗುಂಪು ಇದೆಯೇ? ಪಟ್ಟಿಯಲ್ಲಿ ಪರಿಚಿತರನ್ನು ಅಪರಿಚಿತರೆಂದೂ ಅಪರಿಚಿತರನ್ನು ಪರಿಚಿತರೆಂದೂ ಬದಲಿಸಿ ಬರೆದರೆ, ಅದೇ ಪ್ರಶ್ನೆ ‘ಪರಸ್ಪರ ಗುರುತೇ ಇಲ್ಲದ ಹತ್ತು ಮಂದಿ ಇದ್ದಾರೆಯೇ?’ ಎಂದಾಗುತ್ತದೆ. ಒಮ್ಮೆ ಕೇಳಿದರೆ ಸಾಕು. ಬಂದ ಉತ್ತರವೇ ಮೂಲ ಪ್ರಶ್ನೆಗೂ ಉತ್ತರ. ಅಮೆರಿಕದ ರಿಚರ್ಡ್ ಕಾರ್ಪ್ 1972ರಲ್ಲಿ ಇಂಥ ರಿಡಕ್ಷನ್‌ಗಳ ಮೂಲಕ 21 ಸಮಸ್ಯೆಗಳನ್ನು ಒಂದೇ ಕಠಿಣ ಕುಟುಂಬಕ್ಕೆ ಸೇರಿಸಿದರು.

ಪರಿಚಿತರ ಅತಿ ದೊಡ್ಡ ಗುಂಪು ಎಷ್ಟು ಮಂದಿಯದು ಎಂದು ತಿಳಿಯಬೇಕಾದರೆ? ಆಗ ‘ಹತ್ತು ಮಂದಿ ಇದ್ದಾರೆಯೇ? ಹನ್ನೊಂದು?’ ಎಂದು ಮತ್ತೆ ಮತ್ತೆ ಕೇಳಬೇಕಾದೀತು. ಹೀಗೆ ಹಲವು ಸಲ ಕೇಳಲು, ಬಂದ ಉತ್ತರವನ್ನು ತಿರುವುಮುರುವು ಮಾಡಿಕೊಳ್ಳಲು ಅವಕಾಶ ಕೊಡುವುದೇ ಎರಡನೆಯ ಬಗೆ. ಇದರ ಬೇರು ಅಲನ್ ಟ್ಯೂರಿಂಗ್ 1939ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಬೇಗನೆ ಮುಗಿಯುವ ಲೆಕ್ಕಗಳಿಗೆ ಅದನ್ನು ಅಳವಡಿಸಿದವರು ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಕುಕ್; ಅದು 1971ರ ಮಾತು.

ಎರಡನೆಯದು ಹೆಚ್ಚು ಧಾರಾಳಿ. ಆದರೆ ಧಾರಾಳತನಕ್ಕೂ ಬೆಲೆ ಉಂಟು. ಹತ್ತು ಮಂದಿ ‘ಇದ್ದಾರೆ’ ಎನ್ನುವವನು ಅವರನ್ನು ಕರೆತಂದು ಎದುರಿಗೆ ನಿಲ್ಲಿಸಬಹುದು. ‘ಇಲ್ಲ’ ಎನ್ನುವವನು ಏನನ್ನು ತೋರಿಸಬೇಕು? ಗುಂಪು ಎಷ್ಟೇ ದೊಡ್ಡದಾದರೂ ಚುಟುಕಾಗಿಯೇ ಉಳಿಯುವ ಸಾಕ್ಷಿ ‘ಇಲ್ಲ’ಕ್ಕೆ ಈವರೆಗೆ ಯಾರಿಗೂ ಸಿಕ್ಕಿಲ್ಲ. ‘ಹೌದು’ ಮತ್ತು ‘ಇಲ್ಲ’ಗಳ ಈ ಅಂತರವನ್ನು ಕಾರ್ಪ್ ಬಗೆ ಕಾಪಾಡುತ್ತದೆ; ಕುಕ್ ಬಗೆ ಅಳಿಸಿಹಾಕುತ್ತದೆ. 1973ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಸ್ವತಂತ್ರವಾಗಿ ಇದೇ ವಿಷಯದ ಬಗ್ಗೆ ಬರೆದ ಲಿಯೊನಿಡ್ ಲೆವಿನ್ ಅವರ ಹೆಸರಿನ ಮೂರನೆಯ ಬಗೆಯೂ ಇದೆ. ಅದು ಉತ್ತರವನ್ನಷ್ಟೇ ಅಲ್ಲ, ಸಾಕ್ಷಿಯನ್ನೂ ಒಂದು ಸಮಸ್ಯೆಯಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಕಾರ್ಪ್ ಮತ್ತು ಕುಕ್ ಬಗೆಗಳು ಗುರುತಿಸುವ ‘ಅತಿ ಕಠಿಣ’ ಸಮಸ್ಯೆಗಳು ಬೇರೆ ಬೇರೆಯೇ? ಬೇರೆ ಎಂದೇ ಬಹುಜನರ ಊಹೆ, ಆದರೆ ಸಾಬೀತಾಗಿಲ್ಲ. ಕ್ಷುಲ್ಲಕ ಉದಾಹರಣೆಗಳನ್ನು ಬಿಟ್ಟು ಬೇರೆ ಎಂದು ಸಾಧಿಸಿದವರು, ಪರೀಕ್ಷಿಸಲು ಸುಲಭವಾದ ಉತ್ತರಗಳೆಲ್ಲ ಹುಡುಕಲೂ ಸುಲಭವಲ್ಲ ಎಂಬುದನ್ನೂ ಸಾಧಿಸಿದಂತೆಯೇ. ‘ಪಿ ಮತ್ತು ಎನ್‌ಪಿ’ ಎಂಬ ಈ ಪ್ರಶ್ನೆಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಅದಕ್ಕೆ ಇನ್ನೂ ವಾರಸುದಾರರು ಬಂದಿಲ್ಲ.