ಸಾರಿಗೆ ನಿಗಮದ ಸ್ವತ್ತು: ಮೂರ್ತವೂ ಅಮೂರ್ತವೂ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ಬಸದಿಯನ್ನೋ ದೇಗುಲವನ್ನೋ ಕಟ್ಟಿಸಿದವರು, ಅದು ಒಡೆದು ಬಿರಿದಾಗ ಸರಿಪಡಿಸುವ ವೆಚ್ಚಕ್ಕೆಂದು ಭೂಮಿಯನ್ನೂ ಬಿಡುತ್ತಿದ್ದರು. ಕಟ್ಟಿದ್ದೆಲ್ಲ ಸವೆಯುವುದೆಂಬ ಈ ಅರಿವನ್ನೇ ಆಧುನಿಕ ಲೆಕ್ಕಶಾಸ್ತ್ರವು ಅಂಕೆಗಳಲ್ಲಿ ಹೇಳುತ್ತದೆ. ಸಾರಿಗೆ ನಿಗಮದ ನಿದರ್ಶನದಿಂದ ಅದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಆರಂಭವಾದ ರಸ್ತೆ ಸಾರಿಗೆಯು 1961ರ ಆಗಸ್ಟ್ 1ರಂದು ನಿಗಮವಾಯಿತು. ಇದಕ್ಕೆ ಆಧಾರವಾದ 1950ರ ಕಾಯದೆಯ 29ನೆಯ ಕಲಮು ಸವಕಳಿಗೂ ಕಾದಿಟ್ಟ ನಿಧಿಗೂ ಸರ್ಕಾರದ ನಿರ್ದೇಶನದಂತೆ ಅವಕಾಶ ಮಾಡಬೇಕೆಂದು ವಿಧಿಸುತ್ತದೆ.

ಪುತ್ತೂರು ವಿಭಾಗಕ್ಕೆ ಸೇರಿದ ಬಂಟ್ವಾಳದ ಬಿ.ಸಿ. ರೋಡ್ ಘಟಕವನ್ನೂ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳ ಘಟಕವನ್ನೂ ನೋಡಿ. ನೆಲಕ್ಕೆ ಸಾಮಾನ್ಯವಾಗಿ ಸವಕಳಿಯಿಲ್ಲ, ಕಟ್ಟಡಕ್ಕೆ ನಿಧಾನವಾದ ಸವಕಳಿ, ಬಸ್ಸಿಗೆ ಶೀಘ್ರವಾದದ್ದು. ಉದಾಹರಣೆಗೆ, ಬಸ್ಸಿನ ಬೆಲೆ 36 ಲಕ್ಷ ರೂಪಾಯಿ, ಕೊನೆಗೆ ಬರುವ ಗುಜರಿ ಬೆಲೆ 1 ಲಕ್ಷ, ಆಯುಸ್ಸು 10 ವರ್ಷ ಎಂದು ಭಾವಿಸೋಣ. ಸಮಭಾಗ ಕ್ರಮದಲ್ಲಿ ವರ್ಷಕ್ಕೆ ಮೂರೂವರೆ ಲಕ್ಷವನ್ನು ಖರ್ಚೆಂದು ಬರೆಯಬೇಕು. ಆದರೆ ಇದು ಪುಸ್ತಕದ ಬರಹ ಮಾತ್ರ. ಅಷ್ಟು ಹಣವು ಪೆಟ್ಟಿಗೆಯಲ್ಲಿ ತಾನಾಗಿ ಕೂಡುವುದಿಲ್ಲ. ಸಂಪಾದನೆಯೆಲ್ಲವೂ ಡೀಸೆಲ್ಲಿಗೂ ಸಂಬಳಕ್ಕೂ ವ್ಯಯವಾದರೆ, ಹತ್ತು ವರ್ಷಗಳ ತರುವಾಯ ಹೊಸ ಬಸ್ಸನ್ನು ಕೊಳ್ಳುವುದಕ್ಕೆ ಸಾಲವೋ ಸರ್ಕಾರದ ಸಹಾಯವೋ ಬೇಕಾಗುತ್ತದೆ. ಎರಡೂ ದೊರೆಯದಿದ್ದಲ್ಲಿ ಚಾರ್ಮಾಡಿ ಘಟ್ಟವನ್ನು ಹಳೆಯ ಬಸ್ಸೇ ಏರಬೇಕು; ಇಲ್ಲವೆ ಊರಿನ ಬಸ್ಸೇ ನಿಲ್ಲಬೇಕು.

ಅಮೂರ್ತ ಸ್ವತ್ತಿನ ವಿಚಾರ ಇನ್ನೂ ಸೂಕ್ಷ್ಮವಾದುದು. ಹಣ ಕೊಟ್ಟು ಕೊಂಡ ಮುಂಗಡ ಟಿಕೆಟಿನ ತಂತ್ರಾಂಶವನ್ನು ಸ್ವತ್ತೆಂದು ತೋರಿಸಬಹುದು. ‘ಕೆ.ಎಸ್.ಆರ್.ಟಿ.ಸಿ.’ ಎಂಬ ಹೆಸರಿನ ಗತಿ ಬೇರೆ. ಆ ಹೆಸರಿಗಾಗಿ ಕೇರಳದ ನಿಗಮವು ಹೂಡಿದ್ದ ವ್ಯಾಜ್ಯವನ್ನು ಮದ್ರಾಸು ಉಚ್ಚ ನ್ಯಾಯಾಲಯವು 2023ರಲ್ಲಿ ತಳ್ಳಿಹಾಕಿತು. ಎರಡು ರಾಜ್ಯಗಳು ಹೋರಾಡುವಷ್ಟು ಬೆಲೆಯುಳ್ಳ ಹೆಸರಾದರೂ, ತಾನೇ ಬೆಳೆಸಿದ ಹೆಸರನ್ನು ಸ್ವತ್ತೆಂದು ಅಢಾವೆ ಪತ್ರಿಕೆಯಲ್ಲಿ ನಮೂದಿಸಲು 26ನೆಯ ಭಾರತೀಯ ಲೆಕ್ಕಪತ್ರ ಮಾನದಂಡವು ಸಮ್ಮತಿಸದು. ಅದಕ್ಕೆ ತಗುಲಿದ ವೆಚ್ಚವನ್ನು ಉದ್ಯಮದ ಇತರ ವೆಚ್ಚಗಳಿಂದ ಬೇರ್ಪಡಿಸಲು ಆಗದೆಂಬುದೇ ಕಾರಣ.

ಇನ್ನು ಮಾರ್ಗದ ಪರವಾನಗಿ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಮೂಡುಬಿದಿರೆಯಲ್ಲಿ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ಸರ್ಕಾರಿ ಸಾರಿಗೆಯ ಯೋಜನೆಗಾಗಿ ಪರವಾನಗಿ ರದ್ದಾದರೆ, 1988ರ ಮೋಟಾರು ವಾಹನ ಕಾಯದೆಯ 105ನೆಯ ಕಲಮಿನಂತೆ ಉಳಿದ ಅವಧಿಯ ಪೂರ್ಣ ತಿಂಗಳೊಂದಕ್ಕೆ ದೊರೆಯುವ ಪರಿಹಾರ 200 ರೂಪಾಯಿ. ಮಾರ್ಗದ ಗಳಿಕೆ ಎಷ್ಟೇ ಇರಲಿ, ಕಾನೂನು ಕಟ್ಟುವ ಬೆಲೆ ಇಷ್ಟೇ.

ಆದಕಾರಣ ಅಢಾವೆ ಪತ್ರಿಕೆಯನ್ನು ಶಾಸನದಂತೆಯೇ ಓದಬೇಕು: ಬರೆದುದನ್ನು ಪರೀಕ್ಷಿಸಬೇಕು, ಬರೆಯದೆ ಬಿಟ್ಟುದನ್ನೂ ವಿಚಾರಿಸಬೇಕು. ಸವಕಳಿಯ ಸಾಲೊಂದರಲ್ಲಿ ನಾಳೆ ವಿದ್ಯಾರ್ಥಿಯನ್ನು ಕಾಲೇಜಿಗೆ ಕರೆತರುವ ಬಸ್ಸಿನ ಪ್ರಶ್ನೆ ಅಡಗಿದೆ.