ತಿಗಣೆಗೆ ಹೊಡೆದ ‘ಔಷಧಿ’ ತೊಟ್ಟಿಲಿಗೂ ತಟ್ಟೀತು, ಜೋಕೆ!

ಸಂಜೆಯಾದರೆ ಸಾಕು, ದಿನಸಿ ಅಂಗಡಿಗಳ ಮುಂದೆ ಇದೇ ಮಾತು. “ಅಣ್ಣಾ, ಒಂದು ಸೊಳ್ಳೆ ಬತ್ತಿ ಕೊಡಿ.” “ಸಾವ್ಕಾರ್ರೇ, ಜಿರಲೆಗೆ ಏನೈತಿ? ಸ್ವಲ್ಪ ಜೋರಾಗಿರೋದೇ ಕೊಡ್ರಿ.” ಅಕ್ಕಿ, ಬೇಳೆ, ಬೆಲ್ಲ ತುಂಬಿದ ಚೀಲದಲ್ಲೇ ಇಲಿ ಪಾಷಾಣದ ಟ್ಯೂಬೂ ಮನೆಗೆ ಹೋಗುತ್ತದೆ. ಬಸ್ ಹತ್ತುವ ಅವಸರದಲ್ಲಿ ಫುಟ್‌ಪಾತಿನಿಂದ ಕೊಂಡ ಜಿರಲೆ ಚಾಕ್‌ಪೀಸು ಜೇಬಿನಲ್ಲಿ ಕೂರುತ್ತದೆ. ಅದೇ ಕೈಯಲ್ಲಿ ಕಡ್ಲೆಕಾಯಿ ತಿಂದದ್ದೂ ಆಗುತ್ತದೆ.

ಕೊಡುವವರಿಗೂ ಕೊಳ್ಳುವವರಿಗೂ ಇವೆಲ್ಲದರ ಹೆಸರು ಒಂದೇ, ‘ಔಷಧಿ’. ಹೊಲಕ್ಕೆ ಹೊಡೆಯುವುದೂ ಔಷಧಿ, ಮಗುವಿನ ಜ್ವರಕ್ಕೆ ಕುಡಿಸುವುದೂ ಔಷಧಿ. ಹೆಸರು ಏನೇ ಇರಲಿ, ಡಬ್ಬಿಯೊಳಗೆ ಇರುವುದು ವಿಷ. ತಿಗಣೆಯ ನರಕ್ಕೆ ಹತ್ತುವ ವಿಷ ಮನುಷ್ಯನ ನರಕ್ಕೆ ಹತ್ತುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಮುಚ್ಚಿದ ಕೋಣೆಯ ಗಂಡಾಂತರ

2024ರ ನವೆಂಬರಿನಲ್ಲಿ ಚೆನ್ನೈ ಹತ್ತಿರದ ಕುಂದ್ರತ್ತೂರಿನಲ್ಲಿ ನಡೆದದ್ದು ನೆನಪಿರಬಹುದು. ಇಲಿ ಕಾಟ ತಾಳಲಾರದೆ ಒಂದು ಮನೆಯಲ್ಲಿ ಪಾಷಾಣ ಇಡಿಸಿದರು. ಮನೆಮಂದಿ ಏಸಿ ಹಾಕಿಕೊಂಡು ಮಲಗಿದರು. ಇಬ್ಬರು ಎಳೆಯ ಮಕ್ಕಳು ತೀರಿಕೊಂಡರು, ತಂದೆ ತಾಯಿ ಆಸ್ಪತ್ರೆ ಸೇರಿದರು. ಅವರಲ್ಲಿ ಯಾರೂ ವಿಷ ತಿಂದವರಲ್ಲ, ಬರೀ ಉಸಿರಾಡಿದವರು.

ವ್ಯಾಪಾರಸ್ಥರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಕಾಳಿನ ಮೂಟೆಗೆ ಹುಳ ಬೀಳದಿರಲಿ ಅಂತ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗೊತ್ತಲ್ಲ? ಗಾಳಿಯ ತೇವ ತಗುಲಿದರೆ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಬೆಳ್ಳುಳ್ಳಿಯ ಹಾಗೋ ಕೊಳೆತ ಮೀನಿನ ಹಾಗೋ ವಾಸನೆ. ಗೋಡೆಯ ಬಿರುಕು, ಹಲಗೆಯ ಸಂದು ಸಿಕ್ಕರೆ ಸಾಕು, ಪಕ್ಕದ ಕೋಣೆಗೂ ನುಗ್ಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಆದ್ದರಿಂದಲೇ ಸರ್ಕಾರ ಇದರ ಮಾರಾಟವನ್ನು ಗೋದಾಮುಗಳಿಗೆ, ಪರಿಣಿತ ಕೀಟ ನಿಯಂತ್ರಣದವರಿಗೆ ಮಾತ್ರ ಸೀಮಿತ ಮಾಡಿದೆ. ಕೆಳಗೆ ಅಂಗಡಿ, ಹಿಂದೆಯೋ ಮೇಲೆಯೋ ಸಂಸಾರ ಇರುವವರು ಮೂಟೆಗಳ ನಡುವೆ ಈ ಗುಳಿಗೆ ಇಟ್ಟು ಶಟರ್ ಎಳೆದು ಮಲಗಿದರೆ, ಹುಳಕ್ಕಿಂತ ಮುಂಚೆ ಮನೆಯವರಿಗೇ ಅಪಾಯ.

ಬಾಟ್ಲಿ ಬದಲಾದರೆ ಬದುಕೇ ಬದಲು

2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಗೆ ಮೊನೊಕ್ರೋಟೊಫಾಸ್ ಎಂಬ ಬೆಳೆಯ ವಿಷ ಸೇರಿತ್ತು.

ನಮ್ಮ ಕಡೆ ಏನು ಕಮ್ಮಿ? ಗದ್ದೆಗೆ ತಂದ ವಿಷದಲ್ಲಿ ಸ್ವಲ್ಪ ಉಳಿಯಿತು ಅಂದರೆ ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಬಗ್ಗಿಸಿ, ತಿಗಣೆಗೆ ಆಯ್ತು ಅಂತ ನೆರೆಮನೆಗೆ ಕೊಡುವುದುಂಟು. ಹೇನಿಗೆ ಅಂತ ಮಗುವಿನ ತಲೆಗೇ ಸವರುವ ಮಹಾತಾಯಿಯರೂ ಇದ್ದಾರೆ! ಚರ್ಮದ ಮೂಲಕವೂ ವಿಷ ರಕ್ತ ಸೇರುತ್ತದೆ ಅನ್ನೋದು ಅವರಿಗೆ ಗೊತ್ತಿಲ್ಲ. ಜೊಲ್ಲು, ಕಣ್ಣೀರು, ಬೆವರು ಒಂದೇ ಸಮ ಸುರಿಯುವುದು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುವುದು, ಉಸಿರು ಕಟ್ಟುವುದು, ಇವು ಈ ಜಾತಿಯ ವಿಷದ ಲಕ್ಷಣ.

ಅಟ್ಟದ ಮೇಲಿನ ಹಳೇ ಡಬ್ಬಿಗಳದ್ದು ಇನ್ನೊಂದು ಕಥೆ. ಒಂದು ಕಾಲದಲ್ಲಿ ಮನೆಮನೆಗೂ ಎರಚುತ್ತಿದ್ದ ಬಿಎಚ್‌ಸಿ ಪುಡಿ 1997ರಲ್ಲೇ ನಿಷೇಧವಾಯಿತು. ತಿಗಣೆಗೆ ಹೆಸರಾಗಿದ್ದ ಡೈಕ್ಲೋರ್ವಾಸ್ 2020ರ ಕೊನೆಗೆ ನಿಂತಿತು. ಆದರೆ ಅಟ್ಟದ ಮೇಲಿರುವ ಶೀಶೆಗೆ ಈ ಆಜ್ಞೆ ತಲುಪಿರುವುದಿಲ್ಲ.

ಬತ್ತಿ, ಚಾಕು, ಗುಳಿಗೆ

ಸೊಳ್ಳೆ ಬತ್ತಿಯ ವಿಷಯಕ್ಕೆ ಬರೋಣ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಬತ್ತಿ ಪೂರ್ತಿ ಉರಿದರೆ ಹೊರಬೀಳುವ ನವಿರಾದ ಹೊಗೆ ಕಣಗಳು 75ರಿಂದ 137 ಸಿಗರೇಟು ಸುಟ್ಟದ್ದಕ್ಕೆ ಸಮ. ಮಗನಿಗೆ “ಬೀಡಿ ಸೇದಬೇಡ ಕಣೋ” ಅಂತ ಗದರುವ ಅಪ್ಪ, ಅದೇ ಮಗನ ಮಂಚದ ಕೆಳಗೆ ಬತ್ತಿ ಹಚ್ಚಿ ಕಿಟಕಿ ಮುಚ್ಚುತ್ತಾನೆ. ಉಬ್ಬಸ ಇರುವವರಿಗೆ ಇದು ಬೆಂಕಿಗೆ ತುಪ್ಪ ಸುರಿದ ಹಾಗೆ.

ಕರೆಂಟಿಗೆ ಹಾಕುವ ದ್ರವದಲ್ಲಿ ಹೊಗೆ ಇಲ್ಲ, ನಿಜ. ಆದರೆ ಅದರೊಳಗೆ ಸೀಮೆಎಣ್ಣೆ ಜಾತಿಯ ದ್ರಾವಣ ಇರುತ್ತದೆ. ಕೂಸು ಕುಡಿದರೆ ವಾಂತಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುವ ಭಯ. ಜಿರಲೆ ಚಾಕ್‌ಪೀಸಂತೂ ಶಾಲೆಯ ಚಾಕ್‌ಪೀಸಿನ ತದ್ರೂಪು. ಸ್ಲೇಟು ಹಿಡಿಯುವ ಮಗುವಿಗೆ ಭೇದ ತಿಳಿಯುವುದು ಹೇಗೆ? ಬಟ್ಟೆಯ ನಡುವಿನ ನುಸಿ ಗುಳಿಗೆಯೂ ಸಾಧು ಅಲ್ಲ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಗುಳಿಗೆ ಇಟ್ಟಿದ್ದ ಬಟ್ಟೆಯಲ್ಲಿ ಸುತ್ತಿದರೆ ಅಂಥ ಕೂಸಿನ ಕೆಂಪು ರಕ್ತಕಣ ಒಡೆದು ಕಾಮಾಲೆ ಏರುತ್ತದೆ.

ಇನ್ನು ಹಳದಿ ರಂಜಕದ ಇಲಿ ಪೇಸ್ಟು. ತಿಂದ ದಿನ ವಾಂತಿ, ಆಮೇಲೆ ಒಂದೆರಡು ದಿನ ಆಳು ಆರಾಮ. “ಗಂಡಾಂತರ ಕಳೀತು” ಅಂತ ಮನೆಗೆ ಕರೆತರುತ್ತಾರೆ. ಅಷ್ಟರಲ್ಲಿ ಒಳಗೆ ಯಕೃತ್ತು ಕೆಡುತ್ತಿರುತ್ತದೆ.

ಬಾಯಿ ಇಲ್ಲದ ಜೀವಗಳು

ನಾಯಿಯ ಉಣ್ಣೆಗೆ ತಂದ ಪರ್ಮೆಥ್ರಿನ್ ಅನ್ನು ಬೆಕ್ಕಿಗೂ ಹಚ್ಚುವವರಿದ್ದಾರೆ. ನಾಯಿಗೆ ಒಗ್ಗುವ ಈ ರಾಸಾಯನಿಕವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ನಡುಕ ಹತ್ತಿ, ಸೆಟೆದು, ಬೆಕ್ಕು ಸಾಯುತ್ತದೆ. ಇಲಿ ಬಿಲ್ಲೆ ತಿಂದ ನಾಯಿಯದು ಬೇರೆ ಪಾಡು. ಅದು ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುವ ವಿಷ. ಮೂರ್ನಾಲ್ಕು ದಿನ ನಾಯಿ ಚೆನ್ನಾಗಿಯೇ ಇದ್ದು ಆಮೇಲೆ ಒಸಡು, ಮೂಗು, ಹೊಟ್ಟೆಯಲ್ಲಿ ರಕ್ತ. ಇದಕ್ಕೆ ವಿಟಮಿನ್ ಕೆ1 ಮದ್ದು ಉಂಟು, ಬೇಗ ಪಶುವೈದ್ಯರ ಹತ್ತಿರ ಒಯ್ದರೆ ಬದುಕುತ್ತದೆ. ವಿಷ ತಿಂದ ಇಲಿಯನ್ನು ಹಿಡಿದು ತಿಂದ ಬೆಕ್ಕು, ಗೂಬೆಗೂ ಇದೇ ಗತಿ ಬರಬಹುದು. ಸ್ಪ್ರೇ ಹೊಡೆಯುವ ಕೋಣೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಹೊರಗಿಡಿ, ಮೀನು ಈ ವಿಷವನ್ನು ಚೂರೂ ತಡೆಯದು.

ಹಾಗಾದರೆ ಮಾಡೋದೇನು?

ಮೊದಲು ಡಬ್ಬಿ ತಿರುಗಿಸಿ ನೋಡಿ. ಅದರ ಮೇಲೆ ಬಣ್ಣದ ಗುರುತು ಇರಬೇಕು. ಕೆಂಪು ಅಂದರೆ ಅತ್ಯುಗ್ರ ವಿಷ, ಆಮೇಲೆ ಕ್ರಮವಾಗಿ ಹಳದಿ, ನೀಲಿ, ಹಸಿರು. ನೋಂದಣಿ ಸಂಖ್ಯೆ, ಪ್ರತಿವಿಷದ ಹೆಸರು ಅಚ್ಚಾಗಿರಬೇಕು. ಲೇಬಲ್ ಇಲ್ಲದೆ ಬಿಡಿಯಾಗಿ ಮಾರುವುದು 1968ರ ಕೀಟನಾಶಕ ಕಾಯ್ದೆಗೆ ವಿರುದ್ಧ.

ಹಾಸಿಗೆಗೆ ವಿಷ ಬೇಡ. ಮಂಚದ ಸಂದಿಗೆ ಕುದಿಯುವ ನೀರು, ಬಟ್ಟೆಗೆ ಬಿಸಿನೀರು, ಹಾಸಿಗೆಗೆ ಸುಡುಬಿಸಿಲು, ನಾಲ್ಕಾರು ಬಾರಿ ಬಿಡದೆ ಮಾಡಬೇಕು. ಸೊಳ್ಳೆಗೆ ಪರದೆ ಕಟ್ಟಿ, ವಾರಕ್ಕೊಮ್ಮೆ ಡ್ರಮ್ಮು ತಿಕ್ಕಿ ತೊಳೆಯಿರಿ. ಇಲಿಗೆ ಬೋನು ಇದ್ದೇ ಇದೆ. ಸ್ಪ್ರೇ ಅನಿವಾರ್ಯವಾದರೆ ಪಾತ್ರೆ, ಊಟ, ನೀರು ಮುಚ್ಚಿ, ಮಕ್ಕಳನ್ನು, ಸಾಕುಪ್ರಾಣಿಗಳನ್ನು ಹೊರಗೆ ಕಳಿಸಿ. ಆಮೇಲೆ ಕಿಟಕಿ ತೆರೆದು ಗಾಳಿ ಆಡಿಸಿ, ನೆಲ ಒರೆಸಿ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಇಡುತ್ತದೆ.

ಹೆಚ್ಚುಕಮ್ಮಿ ಆದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮೈಗೆ ಬಿದ್ದಿದ್ದರೆ ಬಟ್ಟೆ ಕಳಚಿ ಸೋಪು ಹಾಕಿ ತೊಳೆಯಿರಿ. ಉಸಿರಿಗೆ ಹೋಗಿದ್ದರೆ ಬಯಲಿಗೆ ತನ್ನಿ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನು ಮರೆಯದೆ ಒಯ್ಯಿರಿ. ಯಾವ ವಿಷ ಅಂತ ತಿಳಿದರೆ ಡಾಕ್ಟರಿಗೆ ಅರ್ಧ ದಾರಿ ಕ್ರಮಿಸಿದ ಹಾಗೆ.

ಅಂಗಡಿಯವರಿಗೂ ಒಂದು ಮಾತು. ಸಕ್ಕರೆ ಡಬ್ಬದ ಪಕ್ಕದಿಂದ ಪಾಷಾಣದ ಟ್ಯೂಬು ಎತ್ತಿ ಬೇರೆ ಕಪಾಟಿಗೆ ಇಡಿ, ಬೇರೆ ಕವರಿಗೆ ಹಾಕಿ ಕೊಡಿ. ಕೊಡುವಾಗ “ಮನೇಲಿ ಮಕ್ಕಳಿದಾವೇನಮ್ಮಾ?” ಅಂತ ಒಂದು ಮಾತು ಕೇಳಿ. ಅದಕ್ಕೆ ಲೈಸೆನ್ಸೂ ಬೇಡ, ಬಂಡವಾಳವೂ ಬೇಡ.